ಹ್ಯಾರಿ ಫರ್ಗ್ಯುಸನ್: ನೇಗಿಲಿಗೆ ಎಣ್ಣೆಯ ಬಲವಿತ್ತ ರೈತನ ಮಗ

ಬೇಸಗೆಯ ರಜೆಯಲ್ಲಿ ಮಕ್ಕಳೊಡನೆ ಊರಿಗೆ ತೆರಳುವ ನಾವು ಹೊಲದ ಬದುವಿನ ಮೇಲೆ ನಿಂತು ಟ್ರ್ಯಾಕ್ಟರ್ ಉಳುವುದನ್ನು ನೋಡಿರುತ್ತೇವೆ. ಸಾಲಿನ ಕೊನೆ ತಲುಪಿದೊಡನೆ ಚಾಲಕನು ಆಸನದ ಬದಿಯ ಸಣ್ಣ ಹಿಡಿಕೆಯೊಂದನ್ನು ಸರಿಸುತ್ತಾನೆ. ಹಿಂದಿನ ಭಾರವಾದ ಕಬ್ಬಿಣದ ನೇಗಿಲು ಆನೆಯ ಸೊಂಡಿಲಿನಂತೆ ಮೆಲ್ಲನೆ ಮೇಲೇಳುತ್ತದೆ. ಹಿಂದೆ ನಾಲ್ಕಾಳಿನ ರಟ್ಟೆಬಲ ಬೇಡುತ್ತಿದ್ದ ಕೆಲಸ ಈಗ ಎರಡು ಬೆರಳುಗಳಿಂದ ನಡೆಯುತ್ತದೆ. ಅದು ನಮಗೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ, ಹಾಗಾಗಲು ಒಬ್ಬ ಮನುಷ್ಯನು ತನ್ನ ಆಯುಸ್ಸಿನ ಬಹುಭಾಗವನ್ನು ಸವೆಸಬೇಕಾಯಿತೆಂಬುದು ನೆನಪಿಗೇ ಬಾರದು. ಆ ಮನುಷ್ಯ ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್.

ಫರ್ಗ್ಯುಸನ್ ಅವರು 1884ರ ನವೆಂಬರ್ 4ರಂದು ಐರ್ಲೆಂಡಿನ ಉತ್ತರ ಭಾಗದ ಡೌನ್ ಕೌಂಟಿಯಲ್ಲಿ, ಡ್ರೊಮೋರ್ ಪಟ್ಟಣದ ಬಳಿಯ ಗ್ರೋವೆಲ್ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಜೇಮ್ಸ್ ಫರ್ಗ್ಯುಸನ್ ಕೃಷಿಕರು, ಕಟ್ಟುನಿಟ್ಟಿನ ದೈವಭಕ್ತರು. ಮನೆಯಲ್ಲಿ ಹನ್ನೊಂದು ಮಕ್ಕಳು. ಬಾಲಕ ಹ್ಯಾರಿಗೆ ಹೊಲದ ದುಡಿಮೆ ಎಂದರೆ ಆಗದು. ಕುದುರೆಯ ಹಿಂದೆ ಕೆಸರಿನಲ್ಲಿ ದಿನವಿಡೀ ನಡೆಯುವ ಶ್ರಮಕ್ಕೆ ತಕ್ಕ ಫಲವಿಲ್ಲವೆಂಬ ಬೇಸರ ಅವರಲ್ಲಿ ಎಳವೆಯಲ್ಲಿಯೇ ಬೇರೂರಿತ್ತು. 1902ರಲ್ಲಿ ಅವರು ಮನೆ ಬಿಟ್ಟು ಬೆಲ್‌ಫಾಸ್ಟ್ ನಗರ ಸೇರಿ, ಅಣ್ಣ ಜೋ ನಡೆಸುತ್ತಿದ್ದ ಸೈಕಲ್ ಹಾಗೂ ಮೋಟಾರು ದುರಸ್ತಿಯ ಅಂಗಡಿಯಲ್ಲಿ ಕೆಲಸಕ್ಕೆ ನಿಂತರು. ಹೊಲವನ್ನು ತೊರೆದು ನಗರಕ್ಕೆ ಬಂದವನೇ ಮುಂದೆ ಹೊಲದ ದುಡಿಮೆಯ ಸ್ವರೂಪವನ್ನು ಬದಲಿಸಿದನೆಂಬುದು, ಊರು ಬಿಟ್ಟು ಬಂದ ನಮ್ಮಂಥವರಿಗೆ ವಿಶೇಷವಾಗಿ ತಟ್ಟುವ ಸಂಗತಿ.

ಅವರಿಗೆ ಯಂತ್ರಗಳ ಹುಚ್ಚು. ಮೋಟಾರು ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದರು. ರೈಟ್ ಸಹೋದರರ ಸಾಧನೆಯಿಂದ ಪ್ರೇರಿತರಾಗಿ ತಾವೇ ಒಂದು ವಿಮಾನವನ್ನು ಕಟ್ಟಿ, 1909ರ ಡಿಸೆಂಬರ್ 31ರಂದು ಹಿಲ್ಸ್‌ಬರೋ ಎಂಬಲ್ಲಿ ಸುಮಾರು 130 ಗಜ ದೂರ ಹಾರಿದರು. ಐರ್ಲೆಂಡಿನ ನೆಲದಿಂದ ಯಂತ್ರಬಲದಿಂದ ಮೇಲೆದ್ದ ಮೊದಲ ವಿಮಾನವದು. 1911ರಲ್ಲಿ ಅಣ್ಣನಿಂದ ಬೇರೆಯಾಗಿ ಸ್ವಂತ ಮೋಟಾರು ವ್ಯಾಪಾರ ತೆರೆದರು. 1913ರಲ್ಲಿ ಮೌರೀನ್ ವಾಟ್ಸನ್ ಅವರನ್ನು ವಿವಾಹವಾದರು. ವಿಲಿಯಂ ಸ್ಯಾಂಡ್ಸ್ ಎಂಬ ಕುಶಲ ಕರ್ಮಿ ಅವರ ಜೊತೆಗೂಡಿದ್ದು ಈ ಕಾಲದಲ್ಲಿಯೇ. ಫರ್ಗ್ಯುಸನ್ ಅವರ ಕಲ್ಪನೆಗಳನ್ನು ಲೋಹದಲ್ಲಿ ಮೂಡಿಸಿದ ಕೈ ಬಹುಮಟ್ಟಿಗೆ ಸ್ಯಾಂಡ್ಸ್ ಅವರದು. ಹೆಸರು ಒಬ್ಬರದಾದರೂ ಸಾಧನೆ ಇಬ್ಬರದೆಂದು ನಾವು ಭಾವಿಸುತ್ತೇವೆ.

ಮೊದಲ ಮಹಾಯುದ್ಧವು ಅವರನ್ನು ಮರಳಿ ಹೊಲಕ್ಕೆ ಕರೆತಂದಿತು. ಬ್ರಿಟನ್ನಿನಲ್ಲಿ ಆಹಾರದ ಅಭಾವ ತಲೆದೋರಿ, 1917ರಲ್ಲಿ ಸರ್ಕಾರವು ಐರ್ಲೆಂಡಿನ ಟ್ರ್ಯಾಕ್ಟರುಗಳ ಬಳಕೆಯನ್ನು ಸುಧಾರಿಸುವ ಹೊಣೆಯನ್ನು ಅವರಿಗೆ ವಹಿಸಿತು. ಫರ್ಗ್ಯುಸನ್ ಮತ್ತು ಸ್ಯಾಂಡ್ಸ್ ಊರೂರು ತಿರುಗಿ ಯಂತ್ರಗಳನ್ನು ಪರೀಕ್ಷಿಸಿದರು. ಅಂದಿನ ಟ್ರ್ಯಾಕ್ಟರು ಕುದುರೆಯ ಬದಲಿಗೆ ಬಂದ ಎಂಜಿನ್ ಮಾತ್ರವಾಗಿತ್ತು. ಹಿಂದೆ ಸರಪಣಿ ಕಟ್ಟಿ ನೇಗಿಲನ್ನು ಎಳೆಯುವುದಷ್ಟೇ ಅದರ ಕೆಲಸ. ಚಕ್ರಗಳು ಜಾರದಿರಲೆಂದು ಟ್ರ್ಯಾಕ್ಟರನ್ನು ಭಾರವಾಗಿ ಕಟ್ಟುತ್ತಿದ್ದರು. ಆ ಭಾರವನ್ನು ಹೊತ್ತು ಸಾಗಲೆಂದೇ ಇಂಧನದ ಒಂದು ದೊಡ್ಡ ಪಾಲು ವ್ಯಯವಾಗುತ್ತಿತ್ತು, ಮಣ್ಣೂ ಗಟ್ಟಿಯಾಗುತ್ತಿತ್ತು. ನೇಗಿಲು ಬಂಡೆಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮುಂಭಾಗವು ಮೇಲೆದ್ದು, ಯಂತ್ರವೇ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೆ ಎರವಾಗುತ್ತಿದ್ದುದೂ ಉಂಟು.

ಟ್ರ್ಯಾಕ್ಟರು ಮತ್ತು ನೇಗಿಲು ಎರಡು ಬೇರೆ ವಸ್ತುಗಳಾಗಿರುವುದೇ ಈ ಎಲ್ಲ ತೊಂದರೆಗಳ ಮೂಲವೆಂದು ಫರ್ಗ್ಯುಸನ್ ಕಂಡುಕೊಂಡರು. ಎರಡನ್ನೂ ಒಂದೇ ಶರೀರವಾಗಿಸಿದರೆ ನೇಗಿಲಿನ ಭಾರವೂ ಮಣ್ಣಿನ ಸೆಳೆತವೂ ಟ್ರ್ಯಾಕ್ಟರಿನ ಹಿಂದಿನ ಚಕ್ರಗಳ ಮೇಲೆ ಕೂರುತ್ತವೆ, ಆಗ ಹಗುರವಾದ ಯಂತ್ರವೂ ಜಾರದೆ ಎಳೆಯಬಲ್ಲದು ಎಂಬುದು ಅವರ ಸಿದ್ಧಾಂತ. ಮೊದಲು ಸನ್ನೆಕೋಲು, ಸ್ಪ್ರಿಂಗುಗಳಿಂದ ಪ್ರಯತ್ನಿಸಿದರು. ಆದರೆ ಏರುತಗ್ಗಿನ ಹೊಲದಲ್ಲಿ ಉಳುಮೆಯ ಆಳ ಒಂದೇ ಸಮನಾಗಿ ನಿಲ್ಲಲಿಲ್ಲ. ಕೊನೆಗೆ ಅವರು ಹೈಡ್ರಾಲಿಕ್ ತತ್ತ್ವದ ಮೊರೆಹೊಕ್ಕರು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಹಾಕಿದ ಒತ್ತಡವು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬ, ನಾವು ಶಾಲೆಯಲ್ಲಿ ಓದಿದ ಪಾಸ್ಕಲನ ನಿಯಮವೇ ಅದು. 1925ರಲ್ಲಿ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಮರುವರ್ಷ ಅದು ದೊರೆಯಿತು.

ಈ ವ್ಯವಸ್ಥೆಯ ಮರ್ಮವನ್ನು ಸ್ವಲ್ಪ ವಿವರಿಸುವುದು ಉಚಿತ. ನಮ್ಮ ಹಿರಿಯರು ಎತ್ತು ಹೂಡಿ ಉಳುವಾಗ ಮೇಳಿಯ ಮೇಲಿನ ಅಂಗೈಯಿಂದಲೇ ಮಣ್ಣಿನ ಗಡಸನ್ನು ಅರಿಯುತ್ತಿದ್ದರು. ನೆಲ ಬಿರುಸಾದರೆ ಒತ್ತಡ ಸಡಿಲಿಸುವರು, ಮೆತ್ತಗಾದರೆ ಒತ್ತುವರು. ಫರ್ಗ್ಯುಸನ್ ಅವರ ಯಂತ್ರದಲ್ಲಿ ಈ ಕೆಲಸವನ್ನು ಎಣ್ಣೆ ಮಾಡುತ್ತದೆ. ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೆ ಜೋಡಿಸುತ್ತಾರೆ. ಕೆಳಗಿನ ಎರಡು ಎಳೆಯುತ್ತವೆ. ಮೇಲಿನ ಒಂದನ್ನು, ನಮ್ಮ ಚಾಲಕರು ಟಾಪ್ ಲಿಂಕ್ ಎನ್ನುವುದನ್ನು, ಮಣ್ಣಿನ ಪ್ರತಿರೋಧವು ಮುಂದಕ್ಕೆ ತಳ್ಳುತ್ತದೆ. ಪ್ರತಿರೋಧ ಹೆಚ್ಚಿದಂತೆ ಅಲ್ಲಿನ ಸ್ಪ್ರಿಂಗು ಕುಗ್ಗಿ ಒಂದು ಕವಾಟವನ್ನು ಸರಿಸುತ್ತದೆ, ಎಣ್ಣೆ ಸಿಲಿಂಡರಿಗೆ ನುಗ್ಗಿ ನೇಗಿಲನ್ನು ತುಸು ಎತ್ತುತ್ತದೆ. ಪ್ರತಿರೋಧ ಇಳಿದರೆ ನೇಗಿಲೂ ಇಳಿಯುತ್ತದೆ. ನೇಗಿಲು ಬಂಡೆಗೆ ಬಡಿದರೆ ಅದರ ಭಾರವು ಹಿಂಚಕ್ರಗಳಿಂದ ಕಳಚಿ, ಚಕ್ರಗಳು ನಿಂತಲ್ಲೇ ತಿರುಗುತ್ತವೆಯೇ ಹೊರತು ಟ್ರ್ಯಾಕ್ಟರು ಮಗುಚುವುದಿಲ್ಲ.

ಇನ್ನೊಂದು ಸೂಕ್ಷ್ಮವೂ ಇದರಲ್ಲಿದೆ. ಸಾಮಾನ್ಯವಾದ ಸರಳ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಪಂಪು, ಕೆಲಸವಿರಲಿ ಇಲ್ಲದಿರಲಿ, ಸದಾ ಎಣ್ಣೆಯನ್ನು ನೂಕುತ್ತಲೇ ಇರುತ್ತದೆ. ಬೇಡವಾದ ಎಣ್ಣೆ ಕೊಳವೆ, ಕವಾಟಗಳ ಮೂಲಕ ಸುತ್ತಿ ಬಂದು ಕಾಯುತ್ತದೆ. ಆ ಕಾವು ಎಂದರೆ ವ್ಯರ್ಥವಾದ ಡೀಸೆಲ್. ಫರ್ಗ್ಯುಸನ್ ಅವರ ಪದ್ಧತಿಯಲ್ಲಿ ಕವಾಟವು ಪಂಪು ಎಣ್ಣೆಯನ್ನು ಹೀರುವ ಬದಿಯಲ್ಲಿದೆ. ನೇಗಿಲನ್ನು ಎತ್ತುವ ಅಗತ್ಯವಿಲ್ಲದಾಗ ಪಂಪಿಗೆ ಎಣ್ಣೆಯೇ ದೊರೆಯದು. ಅದರ ಕೊಂತಗಳು ಬರಿದೇ ಆಡುತ್ತವೆ, ಎಂಜಿನ್ನಿನ ಬಲ ಅಷ್ಟಾಗಿ ಸೋರುವುದಿಲ್ಲ. ಬೇಕಾದಾಗ, ಬೇಕಾದಷ್ಟೇ ಎಂಬ ಗೃಹಿಣಿಯ ಮಿತವ್ಯಯದ ನೀತಿಯನ್ನು ಅವರು ಯಂತ್ರಕ್ಕೆ ಕಲಿಸಿದರೆನ್ನಬಹುದು.

ಆದರೆ ಒಳ್ಳೆಯ ಯಂತ್ರವಿದ್ದ ಮಾತ್ರಕ್ಕೆ ತಯಾರಕರು ಸಿಗುವುದಿಲ್ಲ. ಕಂಪನಿಗಳು ಆಸಕ್ತಿ ತೋರದಿದ್ದಾಗ 1933ರಲ್ಲಿ ಅವರು ಬೆಲ್‌ಫಾಸ್ಟಿನಲ್ಲಿ ತಾವೇ ಒಂದು ಮಾದರಿಯನ್ನು ಕಟ್ಟಿ ಕಪ್ಪು ಬಣ್ಣ ಬಳಿದರು. ಡೇವಿಡ್ ಬ್ರೌನ್ ಸಂಸ್ಥೆ 1936ರಿಂದ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಅದನ್ನು ತಯಾರಿಸಿತು. ಮಾರಾಟವಾದದ್ದು ಸುಮಾರು 1,350 ಮಾತ್ರ. ದೊಡ್ಡ ಟ್ರ್ಯಾಕ್ಟರು ಬೇಕೆಂದು ಬ್ರೌನ್, ಹಗುರವೇ ಸಾಕೆಂದು ಫರ್ಗ್ಯುಸನ್, ಹೀಗೆ ಇಬ್ಬರಲ್ಲೂ ಭಿನ್ನಾಭಿಪ್ರಾಯ ಬೆಳೆಯಿತು. ಸ್ವಭಾವತಃ ಫರ್ಗ್ಯುಸನ್ ಹಠವಾದಿ. ತಮ್ಮ ವಿನ್ಯಾಸದಲ್ಲಿ ಇನ್ನೊಬ್ಬರು ಒಂದು ಮೊಳೆಯನ್ನು ಬದಲಿಸುವುದನ್ನೂ ಸಹಿಸುತ್ತಿರಲಿಲ್ಲ.

1938ರ ಅಕ್ಟೋಬರಿನಲ್ಲಿ ಅವರು ತಮ್ಮ ಟ್ರ್ಯಾಕ್ಟರನ್ನು ಹಡಗಿನಲ್ಲಿ ಸಾಗಿಸಿ ಅಮೆರಿಕದ ಡಿಯರ್‌ಬಾರ್ನಿಗೆ ಹೋದರು. ಸ್ವತಃ ರೈತನ ಮಗನಾದ ಹೆನ್ರಿ ಫೋರ್ಡರ ಮುಂದೆ ಉಳುಮೆಯ ಪ್ರದರ್ಶನ ನಡೆಯಿತು. ವೃದ್ಧ ಫೋರ್ಡರು ಮೆಚ್ಚಿದರು. ವಿನ್ಯಾಸ, ಮಾರಾಟ ಫರ್ಗ್ಯುಸನ್ ಅವರದು, ತಯಾರಿಕೆ ಫೋರ್ಡರದು ಎಂದು ನಿಶ್ಚಯವಾಯಿತು. ಕಾಗದ ಪತ್ರವಿಲ್ಲ, ವಕೀಲರಿಲ್ಲ. ಇಬ್ಬರೂ ಕೈ ಕುಲುಕಿದರು, ಅಷ್ಟೆ. 1939ರ ಜೂನ್ ತಿಂಗಳಲ್ಲಿ ಹೊರಬಂದ ಆ ಟ್ರ್ಯಾಕ್ಟರು 1947ರ ವೇಳೆಗೆ ಮೂರು ಲಕ್ಷಕ್ಕೂ ಮಿಕ್ಕಿ ತಯಾರಾಯಿತು.

ಮಾತಿನ ಮೇಲೆ ನಿಂತ ವ್ಯವಹಾರ ಮಾತು ಕೊಟ್ಟವನೊಡನೆಯೇ ಮುಗಿಯುವುದುಂಟು. 1945ರಲ್ಲಿ ಕಂಪನಿಯ ಆಡಳಿತ ಮೊಮ್ಮಗ ಎರಡನೆಯ ಹೆನ್ರಿ ಫೋರ್ಡರ ಕೈಗೆ ಬಂದಿತು. ಈ ಟ್ರ್ಯಾಕ್ಟರಿನಿಂದ ಕಂಪನಿಗೆ ನಷ್ಟವೆಂದು ಕಂಡ ಅವರು ಒಪ್ಪಂದವನ್ನು ಕೊನೆಗೊಳಿಸಿದರು. 1947ರಲ್ಲಿ ಫೋರ್ಡ್ ಕಂಪನಿಯು ಅದೇ ಬಗೆಯ ಹೈಡ್ರಾಲಿಕ್ ವ್ಯವಸ್ಥೆಯುಳ್ಳ ತನ್ನದೇ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು. ಫರ್ಗ್ಯುಸನ್ ಅಮೆರಿಕದ ನ್ಯಾಯಾಲಯದ ಮೆಟ್ಟಿಲೇರಿ 25 ಕೋಟಿ ಡಾಲರಿಗೂ ಹೆಚ್ಚಿನ ಪರಿಹಾರ ಕೋರಿದರು. ವರ್ಷಗಟ್ಟಲೆ ವಿಚಾರಣೆ ನಡೆದು, 1952ರ ಏಪ್ರಿಲಿನಲ್ಲಿ 92.5 ಲಕ್ಷ ಡಾಲರಿಗೆ ರಾಜಿಯಾಯಿತು. ಹಣ ಕೇಳಿದ್ದಕ್ಕಿಂತ ಬಹಳ ಕಡಿಮೆ. ಆದರೆ ಹೀರುವ ಬದಿಯ ಕವಾಟವುಳ್ಳ ಆ ಪಂಪನ್ನು ಮುಂದಿನ ಟ್ರ್ಯಾಕ್ಟರುಗಳಲ್ಲಿ ಬಳಸುವುದಿಲ್ಲವೆಂದು ಫೋರ್ಡ್ ಕಂಪನಿ ಒಪ್ಪಬೇಕಾಯಿತು. ಕೈ ಕುಲುಕಿದ್ದಕ್ಕೆ ಸಾಕ್ಷಿಯಿರಲಿಲ್ಲ, ಪೇಟೆಂಟಿಗೆ ಸಾಕ್ಷಿಯಿತ್ತು. ಮಕ್ಕಳಿಗೆ ವ್ಯವಹಾರಜ್ಞಾನ ಹೇಳುವ ಮನೆಯ ಹಿರಿಯರು ಈ ಪ್ರಕರಣವನ್ನು ಅಗತ್ಯವಾಗಿ ನೆನೆಯಬಹುದು.

ಈ ವ್ಯಾಜ್ಯ ನಡೆಯುತ್ತಿದ್ದಾಗಲೇ ಅವರ ಕೀರ್ತಿ ಶಿಖರಕ್ಕೇರಿತು. ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯು 1946ರಿಂದ 1956ರವರೆಗೆ ಟಿ.ಇ. 20 ಎಂಬ ಬೂದುಬಣ್ಣದ ಪುಟ್ಟ ಟ್ರ್ಯಾಕ್ಟರನ್ನು ಐದು ಲಕ್ಷಕ್ಕೂ ಹೆಚ್ಚು ತಯಾರಿಸಿತು. ಅದರ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು, ಅಷ್ಟೆ. ಅದರೊಡನೆ ಕೊಡುತ್ತಿದ್ದ ಒಂದೇ ಸ್ಪ್ಯಾನರಿನಿಂದ ರೈತನು ನೇಗಿಲು, ಕುಂಟೆಗಳನ್ನು ಜೋಡಿಸಿ ಬಿಚ್ಚಬಹುದಾಗಿತ್ತು. ಆ ಸ್ಪ್ಯಾನರಿನ ಮೇಲೆಯೇ ಅಳತೆಗೆಂದು ಅಂಗುಲದ ಗುರುತುಗಳಿದ್ದವು. ಎವರೆಸ್ಟ್ ವಿಜೇತ ಎಡ್ಮಂಡ್ ಹಿಲರಿ ಅವರ ತಂಡವು 1958ರ ಜನವರಿ 4ರಂದು ದಕ್ಷಿಣ ಧ್ರುವವನ್ನು ತಲುಪಿದ್ದೂ ಈ ಟ್ರ್ಯಾಕ್ಟರುಗಳಲ್ಲಿಯೇ.

1953ರಲ್ಲಿ ಫರ್ಗ್ಯುಸನ್ ತಮ್ಮ ಸಂಸ್ಥೆಯನ್ನು ಕೆನಡಾದ ಮ್ಯಾಸಿ ಹ್ಯಾರಿಸ್ ಕಂಪನಿಯೊಡನೆ ವಿಲೀನಗೊಳಿಸಿದರು. ಬೆಲೆಯ ಮಾತಿನಲ್ಲಿ ಹತ್ತು ಲಕ್ಷ ಡಾಲರುಗಳ ಅಂತರ ಉಳಿದಾಗ ಅದನ್ನು ನಾಣ್ಯ ಚಿಮ್ಮಿಸಿ ತೀರ್ಮಾನಿಸಲಾಯಿತು. ಅವರು ಸೋತರು, ಸೋತದ್ದನ್ನು ನಗುತ್ತಲೇ ಒಪ್ಪಿದರು. ಆದರೆ ಹೊಸ ಸಂಸ್ಥೆಯಲ್ಲಿ ತಮ್ಮ ಮಾತು ನಡೆಯದೆಂದು ಅರಿವಾದಾಗ 1954ರಲ್ಲಿ ಹೊರಬಂದರು. ಬಳಿಕ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಸುರಕ್ಷಿತ ಮೋಟಾರು ಕಾರಿನ ಸಂಶೋಧನೆಯಲ್ಲಿ ತೊಡಗಿದರು. ನಿದ್ರಾಹೀನತೆ ಮತ್ತು ಖಿನ್ನತೆ ಅವರ ಕೊನೆಯ ವರ್ಷಗಳನ್ನು ಕವಿದಿದ್ದವು. 1960ರ ಅಕ್ಟೋಬರ್ 25ರಂದು ಗ್ಲಾಸ್ಟರ್‌ಶೈರಿನ ತಮ್ಮ ನಿವಾಸದಲ್ಲಿ ನಿಧನರಾದರು. ಅವರ ನಾಲ್ಕು ಚಕ್ರಬಲದ ತತ್ತ್ವದಲ್ಲಿ ರೂಪಿಸಿದ ರೇಸ್ ಕಾರು ಮರುವರ್ಷ ಸ್ಟರ್ಲಿಂಗ್ ಮಾಸ್ ಅವರ ಸಾರಥ್ಯದಲ್ಲಿ ಇಂಗ್ಲೆಂಡಿನ ಔಲ್ಟನ್ ಪಾರ್ಕಿನಲ್ಲಿ ಗೆದ್ದುದನ್ನು ಕಾಣಲು ಅವರಿರಲಿಲ್ಲ.

ಅವರು ತೀರಿಕೊಂಡ ವರ್ಷವೇ, ಎಂದರೆ 1960ರಲ್ಲಿ, ಅಂದಿನ ಮದರಾಸಿನಲ್ಲಿ ಟಾಫೆ ಸಂಸ್ಥೆ ಸ್ಥಾಪನೆಯಾಗಿ ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳ ತಯಾರಿಕೆಗೆ ನಮ್ಮ ದೇಶದಲ್ಲಿ ಹಾದಿಯಾಯಿತು. ನಮ್ಮ ದೊಡ್ಡಬಳ್ಳಾಪುರದಲ್ಲಿಯೂ ಅದರ ಕಾರ್ಖಾನೆ ತಲೆಯೆತ್ತಿತು. ಹೀಗೆ ಐರ್ಲೆಂಡಿನ ಹಳ್ಳಿಯೊಂದರ ಹೆಸರು ಮಂಡ್ಯದ ಕಬ್ಬಿನ ಗದ್ದೆಗೂ ಧಾರವಾಡದ ಎರೆಹೊಲಕ್ಕೂ ಕೆಂಪು ಬಣ್ಣದ ಯಂತ್ರದ ಮೇಲೇರಿ ಬಂದಿತು. ಇಂದು ಯಾವುದೇ ಕಂಪನಿಯ ಟ್ರ್ಯಾಕ್ಟರಾದರೂ ಹಿಂದೆ ಮೂರು ಕೊಂಡಿಗಳಿರುತ್ತವೆ. ದೊಡ್ಡ ಟ್ರ್ಯಾಕ್ಟರುಗಳಲ್ಲಿ ಹೊರೆಯನ್ನು ಅರಿತು ಅಷ್ಟೇ ಎಣ್ಣೆ ಹರಿಸುವ ಹೊಸ ಬಗೆಯ ಪಂಪುಗಳು ಬಂದಿವೆ, ಮಣ್ಣಿನ ಪ್ರತಿರೋಧವನ್ನು ಎಲೆಕ್ಟ್ರಾನಿಕ್ ಸಂವೇದಕಗಳು ಅಳೆಯುತ್ತವೆ. ಸಾಧನ ಬದಲಾದರೂ ನೀತಿ ಬದಲಾಗಿಲ್ಲ.

ಊರಿನಲ್ಲಿ ಇನ್ನೂ ಜಮೀನು ಉಳಿಸಿಕೊಂಡಿರುವ ಬಂಧುಗಳಿಗೆ ಒಂದು ಅರಿಕೆ. ಈ ವ್ಯವಸ್ಥೆಯ ಲಾಭ ದೊರೆಯಬೇಕಾದರೆ ಹೈಡ್ರಾಲಿಕ್ ಎಣ್ಣೆ ಶುದ್ಧವಾಗಿರಬೇಕು, ಶೋಧಕವನ್ನು ಕಾಲಕಾಲಕ್ಕೆ ನೋಡಬೇಕು, ಉಳುವಾಗ ಚಾಲಕನು ನೇಗಿಲಿನ ಸೆಳೆತವನ್ನು ಗಮನಿಸುವ ಹಿಡಿಕೆಯನ್ನೇ ಬಳಸಬೇಕು. ಎತ್ತಿ ಇಳಿಸುವ ಹಿಡಿಕೆಯೊಂದರಿಂದಲೇ ದಿನವಿಡೀ ಉಳುವವರು ಅನೇಕರಿದ್ದಾರೆ. ಅವರ ಟ್ರ್ಯಾಕ್ಟರಿನಲ್ಲಿ ಫರ್ಗ್ಯುಸನ್ ಅವರ ಅರ್ಧ ಜೀವಮಾನದ ತಪಸ್ಸು ಕೆಲಸವಿಲ್ಲದೆ ಕುಳಿತಿರುತ್ತದೆ, ಡೀಸೆಲ್ ಮಾತ್ರ ಉರಿಯುತ್ತದೆ.

ಆಹಾರ ಬೆಳೆಯುವ ಖರ್ಚು ಇಳಿದರೆ ಬಡತನ ಅಳಿಯುತ್ತದೆ, ಬಡತನ ಅಳಿದರೆ ಜಗಳಗಳೂ ತಗ್ಗುತ್ತವೆ ಎಂಬುದು ಅವರ ದೃಢವಾದ ನಂಬಿಕೆಯಾಗಿತ್ತು. ಜಗತ್ತು ಅಷ್ಟು ಸರಳವಾಗಿಲ್ಲವೆಂದು ನಾವು ಬಲ್ಲೆವು. ಆದರೂ ಹೊಲದ ದುಡಿಮೆಯನ್ನು ಸಹಿಸಲಾರದೆ ಓಡಿಹೋದ ಹುಡುಗನೊಬ್ಬ, ಹಿಂದೆ ಉಳಿದವರ ಹೆಗಲಿನ ಹೊರೆಯನ್ನು ಕೊನೆಯವರೆಗೂ ಮರೆಯಲಿಲ್ಲ. ಮುಂದಿನ ಬಾರಿ ಊರಿನ ಬದುವಿನ ಮೇಲೆ ನಿಂತು, ನೇಗಿಲು ಮೆಲ್ಲನೆ ಮೇಲೇಳುವುದನ್ನು ಕಂಡಾಗ ನಾವು ಅವರನ್ನು ಒಂದು ಕ್ಷಣ ನೆನೆಯೋಣ.