ಸುರಪುರದ ದೊರೆ ಮತ್ತು ಕೈಗೆಟುಕಿದ ರಿವಾಲ್ವರ್

ಕಮಲಾಪುರದ ಕೆಂಪು ಬಾಳೆಯ ತೋಟಕ್ಕೆ ಕಾಡುಹಂದಿ ನುಗ್ಗಿದರೆ, ಕಲಬುರಗಿಯ ಹೊರವಲಯದ ಒಂಟಿ ಮನೆಯಲ್ಲಿ ಕಳವಾದರೆ, ಮನೆಯಲ್ಲೊಂದು ಬಂದೂಕು ಇದ್ದಿದ್ದರೆ ಎಂಬ ಮಾತು ಹುಟ್ಟುವುದು ಸಹಜ. ಆ ಮಾತು ಬಲುಬೇಗ ಯಾವ ಬಂದೂಕು ಎಂಬ ಕಡೆಗೆ ಹೊರಳುತ್ತದೆ. ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ರಿವಾಲ್ವರೋ ಪಿಸ್ತೂಲೋ, ಅದರ ಸೊಂಟಪಟ್ಟಿ ಎಂಥದ್ದು ಎಂದೆಲ್ಲ ಚರ್ಚೆಯಾಗುತ್ತದೆ. ಕೊಂಡು ತಂದ ಬಂದೂಕು ರಾತ್ರಿ ಎಲ್ಲಿರುತ್ತದೆ, ಯಾರ ಕೈಗೆ ಎಟುಕುತ್ತದೆ ಎಂಬ ಪ್ರಶ್ನೆ ಕಡೆಗೆ ಬರುತ್ತದೆ. ಅನೇಕ ವೇಳೆ ಬರುವುದೇ ಇಲ್ಲ. ಆ ಪ್ರಶ್ನೆಯ ದಾರುಣ ನಿದರ್ಶನವೊಂದು ಇದೇ ಸೀಮೆಯ ಚರಿತ್ರೆಯಲ್ಲಿದೆ. ರಾಜಾ ವೆಂಕಟಪ್ಪ ನಾಯಕನನ್ನು 1858ರ ಬಂಡಾಯದ ವೀರನೆಂದು ನಾವು ನೆನೆಯುತ್ತೇವೆ. ಆದರೆ ಆತನ ಪ್ರಾಣ ಹೋದದ್ದು ರಣರಂಗದಲ್ಲಲ್ಲ. ದಾರಿಯ ಬಿಡಾರದಲ್ಲಿ, ಮತ್ತೊಬ್ಬನ ರಿವಾಲ್ವರಿನಿಂದ.

ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಕಲಬುರಗಿ ಜಿಲ್ಲೆಯಲ್ಲೇ ಇದ್ದ ಸುರಪುರ, ಬೇಡ ನಾಯಕರ ಸಂಸ್ಥಾನ. ಗುರಿಕಾರಿಕೆ ಅವರಿಗೆ ಮನೆತನದ ವಿದ್ಯೆ. 1705ರಲ್ಲಿ ವಾಗಿನಗೇರಿಯ ಮುತ್ತಿಗೆಯಲ್ಲಿ ಔರಂಗಜೇಬನ ಸೈನ್ಯವನ್ನು ವಾರಗಟ್ಟಲೆ ತಡೆದು ನಿಲ್ಲಿಸಿದವರು ಅವರ ಬಂದೂಕಿನವರು. ಅಂಥ ಮನೆಯಲ್ಲಿ ಹುಟ್ಟಿದ ವೆಂಕಟಪ್ಪ ನಾಯಕ 1841ರಲ್ಲಿ ತಂದೆ ಕೃಷ್ಣಪ್ಪ ನಾಯಕನನ್ನು ಕಳೆದುಕೊಂಡಾಗ ಇನ್ನೂ ಬಾಲಕ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಚಿಕ್ಕಪ್ಪ ಪಿಡ್ಡ ನಾಯಕ ಇನ್ನೊಂದು ಕಡೆ ಎಂದು ಆಡಳಿತಕ್ಕಾಗಿ ಕಲಹವೆದ್ದಿತು. ಅದನ್ನು ಬಗೆಹರಿಸಲು ಬಂದ ಮೆಡೋಸ್ ಟೇಲರ್ 1853ರವರೆಗೂ ಅಲ್ಲಿಯೇ ಉಳಿದ. ಠಕ್ಕರ ಕುರಿತ ಕಾದಂಬರಿಯಿಂದ 1839ರಲ್ಲೇ ಹೆಸರು ಗಳಿಸಿದ್ದ ಈ ಇಂಗ್ಲಿಷ್ ಅಧಿಕಾರಿಯನ್ನು ಬಾಲಕ ಅಪ್ಪ ಎಂದೇ ಕರೆಯುತ್ತಿದ್ದ. ಈ ವಾತ್ಸಲ್ಯದಲ್ಲಿ ಸಾಮ್ರಾಜ್ಯದ ಲೆಕ್ಕಾಚಾರವೂ ಬೆರೆತಿತ್ತೆಂಬುದನ್ನು ಮರೆಯಲಾಗದು. ಹಾಗೆಂದು ಅದನ್ನು ಬರಿಯ ನಟನೆಯೆಂದು ತಳ್ಳಿಹಾಕುವುದೂ ಕಷ್ಟ.

ಅಧಿಕಾರ ಕೈಗೆ ಬಂದ ಐದೇ ವರ್ಷಗಳಲ್ಲಿ ದೊರೆ ಬಂಡೆದ್ದ. ಆಗ ಊರೂರಿನಲ್ಲಿ ಜನರ ಕೈಯಿಂದ ಆಯುಧ ಕಸಿಯುವ ಕೆಲಸ ನಡೆದಿತ್ತು; ಅದನ್ನು ಒಪ್ಪದ ಹಲಗಲಿಯ ಬೇಡರ ಮೇಲೆ 1857ರ ನವೆಂಬರಿನಲ್ಲಿ ಬ್ರಿಟಿಷ್ ಸೇನೆ ಎರಗಿತ್ತು. 1858ರ ಫೆಬ್ರುವರಿಯಲ್ಲಿ ಸುರಪುರದ ಹೊರಗೆ ಬೀಡುಬಿಟ್ಟ ಸೇನೆಯ ಮೇಲೆ ಬೇಡರು ಇರುಳಿನಲ್ಲಿ ದಾಳಿ ಮಾಡಿದರು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ. ಆದರೆ ಸಂಸ್ಥಾನ ಉಳಿಯಲಿಲ್ಲ. ದೊರೆ ಹೈದರಾಬಾದಿಗೆ ತಪ್ಪಿಸಿಕೊಂಡು ಹೋಗಿ ಅಲ್ಲಿ ಸಿಕ್ಕಿಬಿದ್ದ. ದಿವಾನ ಸಾಲಾರ್ ಜಂಗ್ ಆತನನ್ನು ಬ್ರಿಟಿಷ್ ರೆಸಿಡೆಂಟನಿಗೆ ಒಪ್ಪಿಸಿದ.

ವಿಚಾರಣೆಯಲ್ಲಿ ಮರಣದಂಡನೆ ವಿಧಿಸಲಾಯಿತು. ಅದು ಮೊದಲು ಜೀವಾವಧಿ ಗಡೀಪಾರಾಗಿ, ಆಮೇಲೆ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆವಾಸವಾಗಿ ಇಳಿಯಿತು. ನಡತೆ ಸರಿಯಿದ್ದರೆ ಸಂಸ್ಥಾನ ಮರಳುವ ಆಸೆಯೂ ಇತ್ತು. ಟೇಲರನ ಆತ್ಮಕಥೆಯ ಪ್ರಕಾರ, ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮರಣವೆಂದು ಜೋಯಿಸರು ಬಾಲಕನ ಜಾತಕದಲ್ಲಿ ಬರೆದಿದ್ದರು. ನೇಣು ತಪ್ಪಿದಾಗ ಆ ಭವಿಷ್ಯ ಸುಳ್ಳಾಯಿತೆಂದೇ ಟೇಲರ್ ನಂಬಿದ್ದ.

1858ರ ಮೇ ತಿಂಗಳಲ್ಲಿ ಚೆಂಗಲ್ಪಟ್ಟಿನ ದಾರಿಯ ಬಿಡಾರವೊಂದರಲ್ಲಿ, ಕಾವಲಿನ ಅಧಿಕಾರಿಯ ಗುಂಡು ತುಂಬಿದ ರಿವಾಲ್ವರ್ ದೊರೆಯ ಕೈಗೆ ಎಟುಕಿತು. ಅಧಿಕಾರಿ ಪಕ್ಕದಲ್ಲಿರಲಿಲ್ಲ. ಒಂದು ಸದ್ದು, ಅಷ್ಟೇ. ಕೈತಪ್ಪಿ ಸಿಡಿಯಿತೋ, ಬೇಕೆಂದೇ ಸಿಡಿಸಿಕೊಂಡನೋ, ಕಾವಲಿನವರೇ ಕೊಂದರೋ ಎಂಬ ವಿಷಯದಲ್ಲಿ ಇಂದಿಗೂ ಒಮ್ಮತವಿಲ್ಲ. ಕಾವಲಿನವರ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ನಂಬಿದರೂ ಒಂದು ತಪ್ಪು ಅವರ ಮೇಲೆಯೇ ಉಳಿಯುತ್ತದೆ.

ಬೇಡರು ಬಳಸಿದ ಬತ್ತಿಯ ಕೋವಿಗೆ ಮದ್ದು ತುಂಬಿ, ಗುಂಡು ಜಡಿದು, ಬತ್ತಿ ಹೊತ್ತಿಸಬೇಕಿತ್ತು. ಅದರ ನಿಧಾನವೇ ಒಂದು ಬೀಗದಂತಿತ್ತು. ಐದಾರು ಗುಂಡು ತುಂಬಿಕೊಂಡು ಸಿದ್ಧವಾಗಿರುವ ರಿವಾಲ್ವರಿಗೆ ಆ ನಿಧಾನವಿಲ್ಲ. ಈ ಸಿದ್ಧತೆಯನ್ನೇ ಇಂದು ಮನೆಯ ರಕ್ಷಣೆಗೆಂದು ಆಯುಧ ಆರಿಸುವವರು ಗುಣವೆಂದು ಎಣಿಸುತ್ತಾರೆ. ಆದರೆ ಸಿದ್ಧವಾಗಿರುವ ಆಯುಧ ತನ್ನನ್ನು ಹಿಡಿದವರು ಯಾರೆಂದು ನೋಡುವುದಿಲ್ಲ. ಮಗುವಾಗಲಿ, ಮನಸ್ಸು ಮುರಿದ ಹರೆಯದವನಾಗಲಿ ಅದಕ್ಕೆ ಒಂದೇ. ಆದ್ದರಿಂದ ನಳಿಗೆಗಿಂತ ಮೊದಲು ಬೀಗವನ್ನು ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಉಕ್ಕಿನ ಪೆಟ್ಟಿಗೆ, ಬೇರೆ ಕಡೆ ಇಟ್ಟ ಗುಂಡುಗಳು, ಒಬ್ಬರ ಬಳಿ ಮಾತ್ರ ಇರುವ ಕೀಲಿಕೈ. ಕಳ್ಳ ಬಂದ ಗಳಿಗೆಯಲ್ಲಿ ಇದರಿಂದ ತಡವಾಗುತ್ತದೆಂಬ ಆಕ್ಷೇಪ ನಿಜವೇ. ಉಳಿದ ದಿನಗಳೆಲ್ಲ ಆ ತಡವೇ ಮನೆಯವರನ್ನು ಕಾಯುತ್ತದೆ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿ ಕೇಳುವವರಿಂದ ಆಯುಧವನ್ನು ಭದ್ರವಾಗಿಡುವ ಮುಚ್ಚಳಿಕೆ ಪಡೆಯುತ್ತವೆ. ಅದು ಕಾಗದದ ಮೇಲಷ್ಟೇ ಉಳಿದರೆ ಪ್ರಯೋಜನವಿಲ್ಲ.

ಸ್ಪರ್ಧೆಯ ಗುರಿಕಾರರು ಈ ವಿಷಯದಲ್ಲಿ ಮನೆಯವರಿಗಿಂತ ಮುಂದಿದ್ದಾರೆ. ಅಂತರರಾಷ್ಟ್ರೀಯ ನಿಯಮದಂತೆ, ಗುಂಡು ಹಾರಿಸದ ವೇಳೆಯಲ್ಲಿ ಬಂದೂಕಿನ ಗುಂಡಿನ ಕೋಣೆ ಖಾಲಿಯಿದೆಯೆಂದು ತೋರಿಸುವ ಕಡುಬಣ್ಣದ ಸುರಕ್ಷತಾ ಎಳೆಯೊಂದು ಅದರೊಳಗೆ ಇರಲೇಬೇಕು. ದುಬಾರಿ ದೂರದರ್ಶಕಕ್ಕಿಂತ ಈ ಅಗ್ಗದ ಎಳೆ ಹೆಚ್ಚು ಬೆಲೆಯುಳ್ಳದ್ದು. ಗುರಿಯ ಆಟವಷ್ಟೇ ಬೇಕಾದ ಹುಡುಗರಿಗೆ .177 ಬೋರಿನ, 20 ಜೌಲ್ ಮೀರದ ಏರ್ ರೈಫಲ್ ಸಾಕು. ಅದಕ್ಕೆ ಪರವಾನಗಿಯೂ ಬೇಡ. ಬೀಗ ಮಾತ್ರ ಅದಕ್ಕೂ ಬೇಕು.

ಬಿಡಾರದ ಆ ಸದ್ದಿನೊಂದಿಗೆ ಸುರಪುರ ಮರಳುವ ಆಸೆಯೂ ಮುಗಿಯಿತು. 1860ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ನಿಜಾಮನಿಗೆ ಬಿಟ್ಟುಕೊಟ್ಟರು. ಟೇಲರ್ ಅದೇ ವರ್ಷ ಇಂಗ್ಲೆಂಡಿಗೆ ಹಿಂದಿರುಗಿದ. ಆತ ಕಟ್ಟಿಸಿದ ಬಂಗಲೆ ಸುರಪುರದ ಗುಡ್ಡದ ಮೇಲೆ ಉಳಿಯಿತು.