ಸೋತ ಸೇನಾಪತಿ ಬರೆದ ಇತಿಹಾಸ

ಲ್ಯಾಬ್‌ನಲ್ಲಿ ಗ್ರಾಫ್ ನೇರವಾಗಿ ಬರಲಿಲ್ಲ ಅಂದ್ರೆ ನಾವೇನು ಮಾಡ್ತೀವಿ? ಒಂದೆರಡು ರೀಡಿಂಗ್ ಅಡ್ಜಸ್ಟ್ ಮಾಡ್ತೀವಿ. ಸುಳ್ಳು ಹೇಳೋದು ಬೇಡ, ನಮ್ಮ ಬ್ಯಾಚ್‌ನಲ್ಲಿ ಎಲ್ಲರೂ ಮಾಡಿದ್ದೇವೆ. ಅದಕ್ಕೇ ಈ ಸಲ ರೀಡಿಂಗ್ ತಿದ್ದದೇ ಇದ್ದ ಒಬ್ಬ ಮನುಷ್ಯನ ಬಗ್ಗೆ ಬರೆಯೋಣ ಅನ್ನಿಸಿತು. ಅವನ ಹೆಸರು ಥುಸಿಡಿಡೀಸ್.

ಹುಟ್ಟಿದ್ದು ಸುಮಾರು ಕ್ರಿ.ಪೂ. 460ರಲ್ಲಿ, ಗ್ರೀಸಿನ ಅಥೆನ್ಸ್ ರಾಜ್ಯದಲ್ಲಿ. ತಂದೆ ಓಲೊರಸ್. ಉತ್ತರದ ಥ್ರೇಸ್ ಪ್ರಾಂತ್ಯದಲ್ಲಿ ಚಿನ್ನದ ಗಣಿಗಳ ಹಕ್ಕಿತ್ತು, ಅಂದ್ರೆ ದುಡ್ಡಿಗೆ ತೊಂದರೆ ಇರಲಿಲ್ಲ. ಕ್ರಿ.ಪೂ. 431ರಲ್ಲಿ ಅಥೆನ್ಸ್‌ಗೂ ಸ್ಪಾರ್ಟಾಗೂ ಯುದ್ಧ ಶುರುವಾಯಿತು. ಇದು ಸಣ್ಣ ಜಗಳ ಅಲ್ಲ ಅಂತ ಮೊದಲ ದಿನವೇ ಅಂದಾಜು ಮಾಡಿ ಅವನು ಬರೆಯೋಕೆ ಕೂತ. ಯುದ್ಧ 27 ವರ್ಷ ನಡೆಯಿತು.

ಅಥೆನ್ಸ್‌ನ ನಾಯಕ ಪೆರಿಕ್ಲಿಸ್ ಹಳ್ಳಿಯವರನ್ನೆಲ್ಲ ಕೋಟೆಯೊಳಗೆ ಕರೆಸಿಕೊಂಡಿದ್ದ. ಬೇಸಿಗೆ, ಉಸಿರುಕಟ್ಟುವ ಗುಡಿಸಲುಗಳು, ಕಾಲಿಡೋಕೂ ಜಾಗ ಇಲ್ಲ. ಕ್ರಿ.ಪೂ. 430ರಲ್ಲಿ ಬಂದರಿನ ಕಡೆಯಿಂದ ಮಹಾಮಾರಿ ಬಂತು. ಶತ್ರುಗಳು ನೀರಿನ ತೊಟ್ಟಿಗೆ ವಿಷ ಹಾಕಿದ್ದಾರೆ ಅನ್ನೋ ಗಾಳಿಸುದ್ದಿ ರೋಗದ ಜೊತೆಗೇ ಹರಡಿತು. ವಾಟ್ಸಾಪ್ ಇಲ್ಲದೆಯೂ!

ಥುಸಿಡಿಡೀಸ್‌ಗೂ ರೋಗ ತಗುಲಿತು, ಹೇಗೋ ಬದುಕಿ ಉಳಿದ. ಆಮೇಲೆ ಕೂತು ಲಕ್ಷಣಗಳನ್ನು ಕ್ರಮವಾಗಿ ಬರೆದ. ಮೊದಲು ತಲೆಯಲ್ಲಿ ಉರಿ, ಕೆಂಪು ಕಣ್ಣು, ನಂತರ ಕೆಮ್ಮು, ವಾಂತಿ, ಮೈಮೇಲೆ ಗುಳ್ಳೆ, ತೀರದ ಬಾಯಾರಿಕೆ. ಬಹಳ ಜನ ಏಳನೇ ಅಥವಾ ಒಂಬತ್ತನೇ ದಿನಕ್ಕೆ ಸಾಯುತ್ತಿದ್ದರು. ವೈದ್ಯರೇ ಹೆಚ್ಚು ಸತ್ತರು. ಒಮ್ಮೆ ಬಂದು ಗುಣವಾದವರಿಗೆ ಮತ್ತೆ ಪ್ರಾಣ ಹೋಗುವಷ್ಟು ಬರಲ್ಲ ಅನ್ನೋದನ್ನೂ ಅವನು ಗುರುತಿಸಿದ. ರೋಗಕ್ಕೆ ಕಾರಣ ಏನು ಅಂತ ಮಾತ್ರ ಊಹೆ ಮಾಡಲಿಲ್ಲ. ಮುಂದೆ ಯಾವಾಗಲಾದರೂ ಬಂದರೆ ಜನಕ್ಕೆ ಗುರುತು ಸಿಗಲಿ, ಅಷ್ಟೇ ಅವನ ಉದ್ದೇಶ. ಅದು ಯಾವ ರೋಗ ಅಂತ ಇವತ್ತಿಗೂ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಊರಿನ ಮನಸ್ಸು ಕೆಟ್ಟಿದ್ದನ್ನೂ ಅವನು ಮುಚ್ಚಿಡಲಿಲ್ಲ. ಬೇರೆಯವರು ಒಟ್ಟಿದ ಚಿತೆಯ ಮೇಲೆ ತಮ್ಮವರ ಹೆಣ ಇಟ್ಟು ಓಡಿಹೋದವರು ಇದ್ದರು. ರೋಗಿಯನ್ನು ನೋಡಿಕೊಳ್ಳೋಕೆ ಹೋಗಿ ತಾವೇ ಸತ್ತವರೂ ಇದ್ದರು. ಇಬ್ಬರನ್ನೂ ಬರೆದ. ಪೆರಿಕ್ಲಿಸ್ ಕ್ರಿ.ಪೂ. 429ರಲ್ಲಿ ತೀರಿಕೊಂಡ.

ಕ್ರಿ.ಪೂ. 424ರಲ್ಲಿ ಥುಸಿಡಿಡೀಸ್ ಸೇನಾಪತಿಯಾದ. ಆಂಫಿಪೊಲಿಸ್ ಪಟ್ಟಣದ ಮೇಲೆ ಸ್ಪಾರ್ಟಾದ ಬ್ರಾಸಿಡಾಸ್ ದಾಳಿ ಮಾಡಿದಾಗ ಇವನು ಥಾಸೋಸ್ ದ್ವೀಪದಲ್ಲಿದ್ದ. ಸುದ್ದಿ ಬಂದ ಕೂಡಲೇ 7 ಹಡಗು ತಗೊಂಡು ಹೊರಟ. ಸಂಜೆ ತಲುಪುವಷ್ಟರಲ್ಲಿ ಪಟ್ಟಣ ಶರಣಾಗಿತ್ತು. ಪಕ್ಕದ ಐಯಾನ್ ಬಂದರು ಮಾತ್ರ ಉಳಿಯಿತು. ಪರಿಣಾಮ, 20 ವರ್ಷ ತವರಿನಿಂದ ಹೊರಗೆ.

ನಾವಾಗಿದ್ದರೆ ಪುಸ್ತಕದ ಅರ್ಧ ನಮ್ಮ ತಪ್ಪಿಲ್ಲ ಅಂತ ವಾದ ಮಾಡೋದಕ್ಕೇ ಹೋಗುತ್ತಿತ್ತು. ಅವನು ಹಾಗೆ ಮಾಡಲಿಲ್ಲ. ಆ ಸೋಲನ್ನು ಬರೆಯುವಾಗ ತನ್ನನ್ನೇ ಮೂರನೆಯವನ ಹಾಗೆ ಹೆಸರು ಹಿಡಿದು ಕರೆದು, ನಡೆದದ್ದನ್ನು ಹೇಳಿ ಮುಂದೆ ಹೋದ. ಗಡಿಪಾರಾಗಿದ್ದರಿಂದ ಎರಡೂ ಕಡೆಯವರನ್ನು ಕೇಳುವ ಅವಕಾಶ ಸಿಕ್ಕಿತು ಅಂತ ಅದನ್ನೇ ಕೆಲಸಕ್ಕೆ ಬಳಸಿಕೊಂಡ. ಒಂದೇ ಘಟನೆಯನ್ನು ಕಂಡವರು ಬೇರೆ ಬೇರೆ ಥರ ಹೇಳ್ತಾರೆ, ಆದ್ದರಿಂದ ಕಷ್ಟಪಟ್ಟು ತಾಳೆ ನೋಡಿದ್ದೇನೆ ಅಂತಾನೆ. ಭಾಷಣಗಳು ಮಾತ್ರ ಅಕ್ಷರಶಃ ನೆನಪಿಲ್ಲ, ಸಂದರ್ಭಕ್ಕೆ ತಕ್ಕಂತೆ ಬರೆದಿದ್ದೇನೆ ಅಂತ ಅದನ್ನೂ ಒಪ್ಪಿಕೊಳ್ತಾನೆ.

ಅವನು ಯುದ್ಧದ ಕೊನೆಯನ್ನು, ಅಥೆನ್ಸ್ ಸೋತದ್ದನ್ನು ಕಂಡ. ಆದರೆ ಪುಸ್ತಕ ಕ್ರಿ.ಪೂ. 411ರ ಘಟನೆಗಳ ನಡುವೆಯೇ ನಿಂತುಹೋಗಿದೆ. ಮುಂದಿನ ಕಥೆಯನ್ನು ಕ್ಸೆನೊಫನ್ ಬರೆದ.

ನಾಳೆ ನಮಗೆ ಲ್ಯಾಬ್ ಇದೆ. ರೀಡಿಂಗ್ ಹೇಗೆ ಬರುತ್ತೋ ಹಾಗೇ ಬರೆಯೋಣ ಅಂದುಕೊಂಡಿದ್ದೇವೆ. ಮಾರ್ಕ್ಸ್ ಎಷ್ಟು ಬರುತ್ತೋ ನೋಡೋಣ.