ಲೇಖಕಿ ಲೀಲಾವತಿ ಮುನ್ಷಿ

ಕನ್ಹೈಯಾಲಾಲ್ ಮುನ್ಷಿಯವರ ಹೆಸರು ನಮ್ಮ ಹಿರಿಯರಿಗೆಲ್ಲ ಗೊತ್ತು. ಭಾರತೀಯ ವಿದ್ಯಾಭವನ ಕಟ್ಟಿದವರು, ವನಮಹೋತ್ಸವ ಆರಂಭಿಸಿದವರು, 1948ರಲ್ಲಿ ಹೈದರಾಬಾದಿನಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿದ್ದವರು. ಆದರೆ ಅವರ ಪತ್ನಿ ಲೀಲಾವತಿಯವರು ಜೈನ ಮನೆತನದ ಮಗಳೆಂಬುದು, ಅವರೂ ಲೇಖಕಿಯೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಲೀಲಾವತಿಯವರು 1899ರಲ್ಲಿ ಗುಜರಾತಿ ಜೈನ ಕುಟುಂಬದಲ್ಲಿ ಜನಿಸಿದರು. ಮೊದಲ ವಿವಾಹ ಅಹಮದಾಬಾದಿನ ಶೇಠ್ ಮನೆತನಕ್ಕೆ. ಆ ದಿನಗಳಲ್ಲೇ ಮುನ್ಷಿಯವರು 1922ರಲ್ಲಿ ಆರಂಭಿಸಿದ 'ಗುಜರಾತ್' ಮಾಸಪತ್ರಿಕೆಗೆ ಬರೆಯತೊಡಗಿದರು. ವ್ಯಕ್ತಿಚಿತ್ರ ಅವರ ಕೈಗೆ ಹಿಡಿದ ಪ್ರಕಾರ. 'ರೇಖಾಚಿತ್ರೋ' ಎಂಬ ಅವರ ಪುಸ್ತಕ 1925ರಲ್ಲಿ ಹೊರಬಂತು. ಈ ಇಸವಿಯನ್ನು ಓದುಗರು ಗಮನಿಸಬೇಕು. ಆಗಿನ್ನೂ ಅವರು ಮುನ್ಷಿಯವರ ಪತ್ನಿಯಾಗಿರಲಿಲ್ಲ. ಗಂಡನ ಹೆಸರಿನಿಂದ ಲೇಖಕಿಯಾದವರಲ್ಲ.

ಪತಿ ತೀರಿಕೊಂಡ ನಂತರ, 1926ರಲ್ಲಿ, ಪತ್ನಿಯನ್ನು ಕಳೆದುಕೊಂಡಿದ್ದ ಮುನ್ಷಿಯವರನ್ನು ವಿವಾಹವಾದರು. ಮುನ್ಷಿಯವರು ಭರೂಚಿನ ಬ್ರಾಹ್ಮಣರು. ವಿಧವಾ ವಿವಾಹ, ಅದರ ಮೇಲೆ ಜಾತಿ ಬೇರೆ! ನೂರು ವರ್ಷದ ಹಿಂದಿನ ಮಾತಿದು. ಈಗಲೂ ನಮ್ಮ ಮನೆಗಳಲ್ಲಿ ಇಂಥ ಸಂಬಂಧ ಬಂದರೆ ಏನಾಗುತ್ತದೆ ಎಂದು ನಾವೇ ಕೇಳಿಕೊಳ್ಳಬಹುದು.

ಮದುವೆಯ ನಂತರ 'ಕುಮಾರದೇವಿ' ನಾಟಕ ಬರೆದರು. ಕುಮಾರದೇವಿ ಗುಪ್ತರ ಒಂದನೇ ಚಂದ್ರಗುಪ್ತನ ರಾಣಿ, ವೈಶಾಲಿಯ ಲಿಚ್ಛವಿ ಕುಲದವಳು. ಭಗವಾನ್ ಮಹಾವೀರರ ತಾಯಿ ತ್ರಿಶಲಾದೇವಿಯ ತವರೂ ವೈಶಾಲಿಯೇ ಎಂಬುದು ನಮ್ಮ ಓದುಗರಿಗೆ ನೆನಪಾಗದೆ ಇರದು.

ಅಷ್ಟರಲ್ಲಿ 1930ರ ಉಪ್ಪಿನ ಸತ್ಯಾಗ್ರಹ ಬಂತು. ಗಂಡ ಹೆಂಡತಿ ಇಬ್ಬರೂ ಜೈಲಿಗೆ ಹೋದರು. 1937ರಲ್ಲಿ ಮುನ್ಷಿಯವರು ಮುಂಬೈ ಪ್ರಾಂತದ ಗೃಹಮಂತ್ರಿಯಾದಾಗ ಲೀಲಾವತಿಯವರೂ ಅದೇ ವಿಧಾನಸಭೆಯ ಸದಸ್ಯೆಯಾಗಿದ್ದರು. ಇಲ್ಲಿಂದ ಮುಂದೆ ಸಭೆ, ಸಮಿತಿ, ಪ್ರವಾಸ ಹೆಚ್ಚಿದವು. 1935ರ ಹೊತ್ತಿಗೆ ಮತ್ತಷ್ಟು ರೇಖಾಚಿತ್ರಗಳ ಸಂಕಲನ ಬಂದಿತ್ತು. ನಂತರ ಪುಸ್ತಕಗಳ ಸಾಲು ತೆಳುವಾಯಿತು. ನನಗೆ ಇದು ಬೇಸರದ ಸಂಗತಿ.

ಆದರೆ ಆ ಸಮಯವನ್ನು ಅವರು ವ್ಯರ್ಥ ಮಾಡಲಿಲ್ಲ. ಮುನ್ಷಿಯವರು 1950ರಲ್ಲಿ ಕೇಂದ್ರ ಆಹಾರ ಮಂತ್ರಿಯಾದರು. ದೇಶದಲ್ಲಿ ಧಾನ್ಯದ ಅಭಾವ, ರೇಷನ್. ಲೀಲಾವತಿಯವರು ಮಹಿಳೆಯರ ಆಹಾರ ಮಂಡಳಿ ಕಟ್ಟಿ, ಅಕ್ಕಿ ಗೋಧಿ ಬಳಸದೆ ಊಟ ಬಡಿಸುವ 'ಅನ್ನಪೂರ್ಣಾ' ಉಪಾಹಾರ ಗೃಹಗಳನ್ನು ನಡೆಸಿದರು. ಧಾನ್ಯದ ವ್ಯಾಪಾರದಲ್ಲೇ ಕೂದಲು ಬೆಳ್ಳಗಾದ ನನ್ನಂಥವನಿಗೆ ಈ ಕೆಲಸದ ಕಷ್ಟ ಅರ್ಥವಾಗುತ್ತದೆ. ಜನರ ತಟ್ಟೆಯಿಂದ ಅನ್ನ ಬಿಡಿಸುವುದು ಸುಲಭವಲ್ಲ. ಏಕಾಶನ, ರಸತ್ಯಾಗ ನೋಡಿ ಬೆಳೆದ ಮನೆಯ ಮಗಳಿಗೆ ಆ ಯೋಚನೆ ಹೊಳೆದದ್ದು ಆಶ್ಚರ್ಯವೇನಲ್ಲ ಎಂದು ನನ್ನ ಅನಿಸಿಕೆ.

1952ರಿಂದ ಪತಿ ಉತ್ತರ ಪ್ರದೇಶದ ರಾಜ್ಯಪಾಲರು, ಇವರು ಮುಂಬೈ ಪ್ರಾಂತದಿಂದ ರಾಜ್ಯಸಭಾ ಸದಸ್ಯೆ. 1954ರಲ್ಲಿ ಕೆಟ್ಟ ಅಭಿರುಚಿಯ ಸಿನಿಮಾಗಳ ವಿರುದ್ಧ ಇವರು ಮಂಡಿಸಿದ ನಿರ್ಣಯ ಚಿತ್ರರಂಗವನ್ನೇ ಚರ್ಚೆಗೆ ಎಳೆಯಿತು. ಒಪ್ಪಿದವರೂ ಇದ್ದರು, ಸಿಟ್ಟಾದವರೂ ಇದ್ದರು.

ಮುನ್ಷಿಯವರು 1971ರಲ್ಲಿ ನಿಧನರಾದರು. 1975ರಲ್ಲಿ ಲೀಲಾವತಿಯವರ ಬರಹಗಳು 'ಸಂಚಯ' ಎಂಬ ಹೆಸರಿನಲ್ಲಿ ಪ್ರಕಟವಾದವು. 1978ರ ಜನವರಿಯಲ್ಲಿ ಅವರೂ ತೀರಿಕೊಂಡರು.